ಲಂಟಾನದ ಬೇರು

ಕಾಡಂಚಿನ ಅಕ್ಕತಂಗಿಯರಿಗೆಲ್ಲ ಲಂಟಾನ ಗೊತ್ತು. ಬಣ್ಣಬಣ್ಣದ ಹೂವು, ಮೈಯೆಲ್ಲ ಮುಳ್ಳು. ಇದು ನಮ್ಮ ನಾಡಿನ ಗಿಡ ಅಲ್ಲ. ಅಮೆರಿಕ ಖಂಡದ್ದು. ಸುಮಾರು 200 ವರ್ಷದ ಹಿಂದೆ ಬ್ರಿಟಿಷರು ಹೂವಿನ ಅಂದಕ್ಕೆ ತಂದು ನೆಟ್ಟರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು.

ಲಂಟಾನ ದಟ್ಟವಾದ ಕಡೆ ಹುಲ್ಲು ಬರೋದಿಲ್ಲ. ನೆಲ್ಲಿ ಸಸಿ ಮೇಲೇಳೋದಿಲ್ಲ. ಸೊಪ್ಪು ತಿಂದ ದನಕ್ಕೆ ಕಾಮಾಲೆ ಬರುತ್ತೆ, ಸಾಯಲೂಬಹುದು. ಪೊದೆ ಹಿಂದೆ ಆನೆ ನಿಂತರೂ ಕಾಣೋದಿಲ್ಲ. ಸೌದೆಗೆ ಹೋಗುವವರಿಗೆ ಇದೇ ಭಯ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಶುರುವಿನಲ್ಲಿ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದು ತರಗು ಬೆಂಕಿ. 1974ರಲ್ಲಿ ಅಲ್ಲಿ ಅಭಯಾರಣ್ಯ ಆಯಿತು. ಬೆಂಕಿ ನಿಂತಿತು. ಆಮೇಲೆಯೇ ಲಂಟಾನ ಹೆಚ್ಚಿತು ಅನ್ನೋದು ಅವರ ಮಾತು.

ಕಡಿದರೆ ಆಯ್ತಲ್ಲ ಅಂತೀರಾ? ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಬೇರು ಮಣ್ಣಿಗೆ ತಾಗಬಾರದು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು. ಮಳೆ ಬಿದ್ದಾಗ ಬೀಜದಿಂದ ಮರಿಗಿಡ ಏಳುತ್ತೆ. ಅದನ್ನು ವರ್ಷ ವರ್ಷವೂ ಕೈಯಲ್ಲೇ ಕೀಳಬೇಕು. ಇಲ್ಲೇ ಬಹಳ ಜನ ಸೋಲೋದು! ಬರಿದಾದ ಜಾಗಕ್ಕೆ ನಮ್ಮದೇ ಹುಲ್ಲಿನ ಬೀಜ ಚೆಲ್ಲಿ, ನೆಲ್ಲಿ, ಹೊಂಗೆ ನೆಡಬಹುದು.

ಕಡಿದ ಕಡ್ಡಿಯೂ ದಂಡ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ, ಬುಟ್ಟಿ ಮಾಡಿ ಮಾರಿದ್ದಾರೆ.