ತೊಗರಿಗೂ ಒಂದು ನಂಬರು

ಒಂಬತ್ತನೇ ತರಗತಿಯಲ್ಲಿ ಜೀವಿಗಳ ವರ್ಗೀಕರಣದ ಪಾಠ ನಡೆದಿತ್ತು. ಬೋರ್ಡಿನ ಮೇಲೆ 'ಕಜಾನಸ್ ಕಜಾನ್' ಎಂದು ಬರೆದು, ಇದು ನಮ್ಮ ತೊಗರಿಯ ವೈಜ್ಞಾನಿಕ ಹೆಸರು ಎಂದೆ. ಜೇವರ್ಗಿ ಕಡೆಯ ಹುಡುಗನೊಬ್ಬ ಎದ್ದು ನಿಂತ. 'ಸರ್, ನಮ್ಮೂರಾಗ ತೊಗರಿ ಅಂದ್ರ ಸಾಕ್ರಿ. ಈ ಹೆಸರು ಕಲ್ತು ನಮ್ಮಪ್ಪಗ ಏನ್ ಸಿಗ್ತದ್ರಿ?' ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಪ್ರಶ್ನೆ ಮಾತ್ರ ಮನೆಯವರೆಗೂ ಬೆನ್ನು ಹತ್ತಿತು.

ಮರುದಿನ ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿಯ ಎರೆ ಹೊಲಗಳಲ್ಲಿ ತೊಗರಿ ಬೆಳೆಯುವ ತಂದೆ-ತಾಯಿಯರೂ ಇದನ್ನು ಓದಲಿ. ಏಕೆಂದರೆ ಆ ಹೆಸರು ಪಠ್ಯಪುಸ್ತಕದಲ್ಲಷ್ಟೇ ಅಲ್ಲ, ಆಮದು ಸುಂಕದ ಪಟ್ಟಿಯಲ್ಲೂ ಅಚ್ಚಾಗಿದೆ.

ಜಗತ್ತಿನ ಸಂತೆಗೆ ಒಂದೇ ಪಟ್ಟಿ

ಹೊರದೇಶದ ಸರಕು ಬಂದರಿಗೆ ಬಂದಾಗ ಎಷ್ಟು ಸುಂಕ ಹಾಕಬೇಕು? ಅದನ್ನು ಹೇಳುವ ಮೊದಲು ಸರಕು ಯಾವುದೆಂದು ತಿಳಿಯಬೇಕು. ನಾವು ತೊಗರಿ ಎನ್ನುವುದನ್ನು ಹಿಂದಿಯವರು ಅರ್ಹರ್ ಎನ್ನುತ್ತಾರೆ, ಇಂಗ್ಲಿಷಿನವರು ಪಿಜನ್ ಪೀ ಎನ್ನುತ್ತಾರೆ. ಈ ಗೊಂದಲ ತಪ್ಪಿಸಲು ಎಲ್ಲ ಸರಕುಗಳಿಗೂ ಅಂಕಿ ಕೊಡುವ ಪದ್ಧತಿಯೊಂದು 1988ರ ಜನವರಿ 1ರಿಂದ ಜಾರಿಯಲ್ಲಿದೆ. ಇದನ್ನು ಎಚ್.ಎಸ್. ಕೋಡ್ ಎನ್ನುತ್ತಾರೆ. ಇದನ್ನು ನೋಡಿಕೊಳ್ಳುವುದು ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ.

ಇದು ಪಿನ್‌ಕೋಡ್ ಇದ್ದ ಹಾಗೆ. ಆಳಂದಕ್ಕೆ 585302, ಅಫಜಲಪುರಕ್ಕೆ 585301, ಜೇವರ್ಗಿಗೆ 585310. ಮೊದಲ ಅಂಕಿಗಳು ಸೀಮೆಯನ್ನು ಹೇಳಿದರೆ ಕೊನೆಯವು ಊರನ್ನು ಹೇಳುತ್ತವೆ. ತೊಗರಿಯ ನಂಬರು 0713 60 00. ಇದರಲ್ಲಿ 07 ಎಂದರೆ ತರಕಾರಿಗಳ ಅಧ್ಯಾಯ. 0713 ಎಂದರೆ ಒಣಗಿದ ದ್ವಿದಳ ಧಾನ್ಯ. ಮುಂದಿನ 60 ನಮ್ಮ ಕಜಾನಸ್ ಕಜಾನ್. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಕೊನೆಯ ಎರಡನ್ನು ನಮ್ಮ ದೇಶ ಸೇರಿಸಿಕೊಂಡಿದೆ. 2012ಕ್ಕೆ ಮುಂಚೆ ತೊಗರಿಗೆ ಸ್ವಂತ ಜಾಗವಿರಲಿಲ್ಲ, 'ಇತರೆ' ಕಾಳುಗಳ ಜೊತೆ ಕೂತಿತ್ತು.

ಒಂದೇ ಗಿಡ, ನಾಲ್ಕು ಮನೆ

ಗಿಡ ಒಂದೇ ಆದರೂ ನಂಬರು ಬದಲಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಸುಲಿದು ತಿನ್ನುತ್ತೇವಲ್ಲ, ಆ ಹಸಿ ತೊಗರಿಕಾಯಿ 0708. ರಾಶಿ ಮಾಡಿದ ಒಣ ಕಾಳು 0713. ಬೀಸಿ ಹಿಟ್ಟು ಮಾಡಿದರೆ 1106. ದಾಲ್ ಮಿಲ್ಲಿನಲ್ಲಿ ಉಳಿಯುವ, ದನಕ್ಕೆ ಹಾಕುವ ಹೊಟ್ಟು 2302.

ಮನೆಯ ಹಾಲಿನ ಕಥೆಯೂ ಹೀಗೇ. ಹಾಲು 0401, ಮೊಸರು 0403, ಬೆಣ್ಣೆ-ತುಪ್ಪ 0405, ಪನೀರು ಮತ್ತು ಚೀಸು 0406. ಪಟ್ಟಣದ ಅಂಗಡಿಗಳಲ್ಲಿ ಸಿಗುವ ವಿದೇಶಿ ಚೀಸಿಗೆ ಒಳಗೆ ಮತ್ತೆ ಪಂಗಡಗಳಿವೆ: ತಾಜಾ ಚೀಸು, ತುರಿದದ್ದು ಅಥವಾ ಪುಡಿ, ಸಂಸ್ಕರಿಸಿದ್ದು, ನೀಲಿ ಬೂಷ್ಟಿನ ಗೆರೆಗಳುಳ್ಳದ್ದು, ಇತರೆ. ಹಾಲಿನ ಕೊಬ್ಬು ತೆಗೆದು ಅದರ ಬದಲು ತಾಳೆ ಎಣ್ಣೆ ಸೇರಿಸಿ ಮಾಡಿದ್ದನ್ನು 'ಚೀಸು' ಎಂದು ತಂದರೆ? ಅದು ಹಾಲಿನ ಅಧ್ಯಾಯದಿಂದಲೇ ಹೊರಕ್ಕೆ ಹೋಗಿ 19 ಅಥವಾ 21ನೇ ಅಧ್ಯಾಯ ಸೇರುತ್ತದೆ. ಡಬ್ಬಿಯ ಮೇಲಿನ ಹೆಸರು ಇಲ್ಲಿ ನಡೆಯುವುದಿಲ್ಲ. ಕೊಬ್ಬು ಹಾಲಿನದೋ ಎಣ್ಣೆಯದೋ ಎಂದು ಕಣ್ಣಿಗೆ ಕಾಣದು. ಅದನ್ನು ಹೇಳುವುದು ಪ್ರಯೋಗಾಲಯ.

ಒಂದು ಪದದ ಬೆಲೆ

ಈಗ ಹುಡುಗನ ಪ್ರಶ್ನೆಗೆ ಬರೋಣ. ಅಪ್ಪನಿಗೆ ಏನು ಸಿಗುತ್ತದೆ?

2022ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದದ್ದು ನೆನಪಿರಬೇಕು. ನಿಂತ ಬೆಳೆ ನಿಂತಲ್ಲೇ ಒಣಗಿತು. ಬೇಳೆಯ ಬೆಲೆ ಏರುವ ಭಯದಿಂದ ಕೇಂದ್ರ ಸರ್ಕಾರ 2023ರ ಮಾರ್ಚ್ 4ರಿಂದ ತೊಗರಿಯ ಮೇಲಿನ ಶೇ 10ರ ಆಮದು ಸುಂಕವನ್ನು ತೆಗೆದುಹಾಕಿತು. ಆದರೆ ಆದೇಶದಲ್ಲಿ 'ಇಡಿ ಕಾಳು' ಎಂಬ ಮಾತಿತ್ತು. ಇಡಿ ಕಾಳಿಗೆ ಸುಂಕವಿಲ್ಲ, ಒಡೆದ ಬೇಳೆಗೆ ಶೇ 10 ಹಾಗೆಯೇ ಉಳಿಯಿತು. ನೂರು ರೂಪಾಯಿ ಬೆಲೆಯ ಬೇಳೆಗೆ ಹತ್ತು ರೂಪಾಯಿ ಸುಂಕ, ಅಷ್ಟೇ ಬೆಲೆಯ ಕಾಳಿಗೆ ಸೊನ್ನೆ. ಎರಡಕ್ಕೂ ನಂಬರು ಒಂದೇ, ಒಂದು ಪದ ಮಾತ್ರ ಬೇರೆ. ಹೊರಗಿನಿಂದ ಕಾಳು ಬಂದರೆ ಒಡೆಯುವ ಕೆಲಸ ಇಲ್ಲಿನ ಮಿಲ್ಲುಗಳಿಗೆ ಉಳಿಯುತ್ತದೆ. ಬೇಳೆಯೇ ಬಂದರೆ ಅದೂ ಹೋಗುತ್ತದೆ.

ಇನ್ನೊಂದು ಉದಾಹರಣೆ ಹಳದಿ ಬಟಾಣಿ. ತೊಗರಿಯ ಪಕ್ಕದ ಮನೆಯೇ, 0713 10. 2023ರ ಡಿಸೆಂಬರಿನಲ್ಲಿ ಇದರ ಸುಂಕ ತೆಗೆದರು. ಅಗ್ಗದ ಬಟಾಣಿ ಬಂದು ಉಳಿದ ಬೇಳೆಕಾಳುಗಳ ಬೆಲೆ ಕುಸಿಯುತ್ತಿದೆ ಎಂದು ರೈತರು ದೂರಿದರು. 2025ರ ನವೆಂಬರ್ 1ರಿಂದ ಮತ್ತೆ ಶೇ 30 ಸುಂಕ ಬಂತು. ಬೆಲೆಯನ್ನು ಸುಂಕವೊಂದೇ ನಿರ್ಧರಿಸುವುದಿಲ್ಲ. ಮಳೆ, ರೋಗ, ಇಳುವರಿ, ದಾಸ್ತಾನು ಎಲ್ಲವೂ ಸೇರುತ್ತವೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಮಾರುಕಟ್ಟೆ ಅದರ ಮೇಲಿದೆಯೋ ಕೆಳಗಿದೆಯೋ ಎಂಬುದರಲ್ಲಿ ಬಂದರಿನ ಪಾಲೂ ಇದೆ. ಮುಂಗಾರಿನಲ್ಲಿ ಬಿತ್ತಿದವನಿಗೆ ರಾಶಿಯ ಹೊತ್ತಿಗೆ ಸುಂಕ ಎಷ್ಟಿರುತ್ತದೆಂದು ಗೊತ್ತಿರುವುದಿಲ್ಲ. ಕಷ್ಟವಿರುವುದು ಅಲ್ಲಿಯೇ.

ಪಾಲಕರಿಗೆ ಎರಡು ಮಾತು

ಬಿ.ಎಸ್ಸಿ. ಓದಿದರೆ ಮೇಷ್ಟರ ಕೆಲಸವೊಂದೇ ಗತಿ ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಕಸ್ಟಮ್ಸ್ ಇಲಾಖೆಗೆ ಸ್ವಂತ ಪ್ರಯೋಗಾಲಯಗಳಿವೆ. ದೆಹಲಿಯಲ್ಲಿ ಕೇಂದ್ರ ಪ್ರಯೋಗಾಲಯವಿದೆ, ದೊಡ್ಡ ಬಂದರುಗಳಲ್ಲೂ ಇವೆ. ಅಲ್ಲಿ ಸರಕಿನ ಮಾದರಿ ಪರೀಕ್ಷಿಸುವವರು ರಸಾಯನಶಾಸ್ತ್ರ ಓದಿದವರೇ. ಬಂದರಿನಲ್ಲಿ ಸರಕು ತಪಾಸಣೆ ಮಾಡುವ ಎಕ್ಸಾಮಿನರ್ ಹುದ್ದೆಗೆ ಯಾವುದೇ ಪದವೀಧರ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆ ಬರೆಯಬಹುದು. ನಮ್ಮ ಮೂರು ತಾಲ್ಲೂಕುಗಳ ಮಕ್ಕಳೂ ಆ ಪರೀಕ್ಷೆಗೆ ಕೂರಲಿ.

ಮಕ್ಕಳೇ, ಒಂದು ಮನೆಗೆಲಸ. ನಿಮ್ಮ ಅಡುಗೆಮನೆಯ ಹತ್ತು ಸಾಮಾನು ಆರಿಸಿ. ಹಸಿಯೋ ಒಣಗಿದ್ದೋ, ಇಡಿಯೋ ಒಡೆದದ್ದೋ, ಹಿಟ್ಟೋ, ಹೊಟ್ಟೋ ಎಂದು ಗುಂಪು ಮಾಡಿ. ಯಾಕೆ ಆ ಗುಂಪು ಎಂದು ಒಂದೊಂದು ಸಾಲು ಬರೆಯಿರಿ.

ನಮ್ಮ ಜೇವರ್ಗಿಯ ಹುಡುಗ ಇದನ್ನು ಮಾಡಿಕೊಂಡು ಬಂದ. ಹತ್ತನೆಯ ಸಾಲಿನ ಕೆಳಗೆ ಕೇಳದೆಯೇ ಇನ್ನೊಂದನ್ನು ಸೇರಿಸಿದ್ದ: 'ತೊಗರಿ, ಇಡಿ ಕಾಳು, ಹನ್ನೆರಡು ಚೀಲ, ಇನ್ನೂ ಮಾರಿಲ್ಲ.'