ಕನ್ನಡದಲ್ಲಿ ಚೆಕ್ಕು ಬರೆಯುವ ಬಗೆ

ಮೊಬೈಲಿನಿಂದಲೇ ಹಣ ಸಂದಾಯವಾಗುವ ಈ ದಿನಗಳಲ್ಲಿಯೂ ಮನೆಯ ಮುಂಗಡಕ್ಕೋ ಶಾಲೆಯ ಶುಲ್ಕಕ್ಕೋ ಚೆಕ್ಕು ಬರೆಯುವ ಪ್ರಸಂಗ ಒದಗುವುದುಂಟು. ಚೆಕ್ಕೆಂದರೆ, ‘ನನ್ನ ಖಾತೆಯಿಂದ ಇಂಥವರಿಗೆ ಇಷ್ಟು ಹಣ ಕೊಡಿರಿ’ ಎಂದು ನಾವು ನಮ್ಮ ಬ್ಯಾಂಕಿಗೆ ಬರೆದುಕೊಡುವ ಅಪ್ಪಣೆ. ಅಪ್ಪಣೆ ನಮ್ಮದಾದ ಮೇಲೆ ಭಾಷೆಯೂ ನಮ್ಮದಾಗಬಾರದೆ? ಆಗಬಹುದು. ಹಾಳೆಯ ಅಚ್ಚು ಹಿಂದಿ ಮತ್ತು ಇಂಗ್ಲಿಷಿನಲ್ಲಿದ್ದರೂ ಅದನ್ನು ಪ್ರಾದೇಶಿಕ ಭಾಷೆಯಲ್ಲಿ ತುಂಬಲು ರಿಸರ್ವ್ ಬ್ಯಾಂಕಿನ ಸಮ್ಮತಿಯಿದೆ. ಚಿಕ್ಕಯ್ಯನಛತ್ರದ ರೈತನಿಗೂ ಬೆಂಗಳೂರಿನ ಗೃಹಿಣಿಗೂ ಈ ಹಕ್ಕು ಸಮಾನ.

ಈ ಹಕ್ಕು ಒರೆಗೆ ಬಿದ್ದ ಪ್ರಸಂಗವೊಂದುಂಟು. ಹುಬ್ಬಳ್ಳಿಯ ಅಧ್ಯಾಪಕರೊಬ್ಬರು ೨೦೨೦ರ ಸೆಪ್ಟೆಂಬರಿನಲ್ಲಿ ಹೆಸ್ಕಾಂಗೆ ವಿದ್ಯುತ್ ಬಿಲ್ಲಿನ ಬಾಬ್ತು ೬,೦೦೦ ರೂಪಾಯಿಗಳ ಚೆಕ್ಕನ್ನು ಕನ್ನಡದಲ್ಲಿಯೇ ಬರೆದುಕೊಟ್ಟರು. ಸ್ಟೇಟ್ ಬ್ಯಾಂಕಿನ ಹಳಿಯಾಳ ಶಾಖೆಯಲ್ಲಿ ತಿಂಗಳನ್ನು ಸೂಚಿಸುವ ೯ನ್ನು ೬ ಎಂದು ಓದಲಾಯಿತು, ಸೆಪ್ಟೆಂಬರು ಜೂನ್ ಆಯಿತು, ಚೆಕ್ಕು ತಿರಸ್ಕೃತವಾಯಿತು. ಅಧ್ಯಾಪಕರು ಸುಮ್ಮನಾಗಲಿಲ್ಲ. ೨೦೨೨ರಲ್ಲಿ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗವು ಬ್ಯಾಂಕು ೮೫,೧೭೭ ರೂಪಾಯಿ ತೆರಬೇಕೆಂದು ಆಜ್ಞಾಪಿಸಿತು. ಕನ್ನಡದ ಅಂಕಿಯನ್ನು ಓದುವ ಹೊಣೆ ಬ್ಯಾಂಕಿನದೇ ಎಂಬುದು ಇದರಿಂದ ಸ್ಪಷ್ಟವಾಯಿತು.

ಆದರೂ ಬರೆಯುವವರ ಎಚ್ಚರ ಬರೆಯುವವರಿಗೆ ಇರಲೇಬೇಕು. ಮೊದಲು ತಾರೀಖು. ಎಂಟು ಮನೆಗಳಲ್ಲಿ ದಿನ, ತಿಂಗಳು, ವರ್ಷಗಳನ್ನು ಬಿಡಿಬಿಡಿಯಾಗಿ, ೬ ಮತ್ತು ೯ರ ತಿರುವುಗಳು ಎದ್ದುಕಾಣುವಂತೆ ಬರೆಯಿರಿ. ೨೦೧೨ರ ಏಪ್ರಿಲ್‌ನಿಂದೀಚೆಗೆ ಚೆಕ್ಕಿನ ಆಯುಸ್ಸು ಆ ತಾರೀಖಿನಿಂದ ಮೂರೇ ತಿಂಗಳು. ಆದ್ದರಿಂದ ಒಂದು ಅಂಕಿಯ ಗೊಂದಲದಿಂದ ಹೊಸ ಚೆಕ್ಕೂ ಹಳತಾದೀತು.

ಬಳಿಕ ಹಣ ಪಡೆಯುವವರ ಹೆಸರು. ಅದು ಅವರ ಖಾತೆಯಲ್ಲಿರುವಂತೆಯೇ ಇರಲಿ. ಉಳಿದ ಜಾಗಕ್ಕೆ ಗೆರೆಯೆಳೆಯಿರಿ. ಎಡಮೂಲೆಯಲ್ಲಿ ಎರಡು ಓರೆಗೆರೆಗಳನ್ನೆಳೆದು ನಡುವೆ ‘ಅಕೌಂಟ್ ಪೇಯಿ’ ಎಂದು ಬರೆದರೆ ಹಣವು ಅವರ ಖಾತೆಗಲ್ಲದೆ ಅನ್ಯರ ಕೈಗೆ ಸೇರದು.

ಮೊತ್ತವನ್ನು ಅಕ್ಷರಗಳಲ್ಲಿ ಸಾಲಿನ ಆರಂಭಕ್ಕೇ ಒತ್ತಿ ‘ಆರು ಸಾವಿರ ರೂಪಾಯಿ ಮಾತ್ರ’ ಎಂದು ಮುಗಿಸಿ, ಚೌಕದಲ್ಲಿ ‘೬,೦೦೦/-’ ಎಂದು ಅಂಕಿಯಲ್ಲಿ ಬರೆಯಿರಿ. ಅಕ್ಷರಕ್ಕೂ ಅಂಕಿಗೂ ಭೇದ ಬಂದಾಗ ಅಕ್ಷರದ ಮೊತ್ತವೇ ಪ್ರಮಾಣವೆಂದು ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಹೇಳುತ್ತದೆ. ಆದರೆ ಅಂಥ ಚೆಕ್ಕನ್ನು ಬ್ಯಾಂಕುಗಳು ಹಿಂದಿರುಗಿಸುವುದೇ ವಾಡಿಕೆ. ಹೆಸರಿನಲ್ಲಾಗಲಿ ಮೊತ್ತದಲ್ಲಾಗಲಿ ತಪ್ಪು ನುಸುಳಿದರೆ ತಿದ್ದಬೇಡಿರಿ. ಆ ಹಾಳೆಯನ್ನು ರದ್ದುಪಡಿಸಿ ಬೇರೊಂದನ್ನು ಬರೆಯಿರಿ.

ಕಡೆಯದು ರುಜು. ಭಾಷಾಭಿಮಾನವನ್ನು ಇಲ್ಲಿ ತುಸು ತಡೆಹಿಡಿಯಬೇಕು! ಬ್ಯಾಂಕಿನಲ್ಲಿ ಕೊಟ್ಟಿರುವ ಮಾದರಿ ರುಜು ಇಂಗ್ಲಿಷಿನಲ್ಲಿದ್ದರೆ ಚೆಕ್ಕಿನ ಮೇಲೂ ಅದೇ ಇರಬೇಕು. ಕನ್ನಡದಲ್ಲಿ ರುಜು ಹಾಕಬಯಸುವವರು ಮೊದಲು ಮಾದರಿಯನ್ನು ಬದಲಾಯಿಸಿಕೊಳ್ಳಲಿ. ಬರಿಯ ಹಾಳೆಗೆ ರುಜು ಹಾಕಿ ಕೊಡುವುದಂತೂ ಬೇಡವೇ ಬೇಡ. ಹಾಗೆ ಸ್ವಇಚ್ಛೆಯಿಂದ ಕೊಟ್ಟ ಚೆಕ್ಕಿಗೂ, ಬೇರೆಯವರು ಅದನ್ನು ತುಂಬಿದ್ದರೂ, ಕೊಟ್ಟವರೇ ಹೊಣೆಯಾಗಬಹುದೆಂದು ಸುಪ್ರೀಂ ಕೋರ್ಟು ೨೦೧೯ರಲ್ಲಿ ಹೇಳಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿ, ನೋಟೀಸು ಬಂದ ಮೇಲೂ ಬಾಕಿ ತೀರಿಸದಿದ್ದರೆ ಎರಡು ವರ್ಷಗಳವರೆಗಿನ ಸೆರೆಮನೆ ವಾಸಕ್ಕೂ ಕಾಯಿದೆಯಲ್ಲಿ ಅವಕಾಶವಿದೆ.

ಮುಂದಿನ ಸಲ ಚೆಕ್ಕು ಬರೆಯುವಾಗ ಕನ್ನಡದಲ್ಲಿಯೇ ಬರೆದು ನೋಡಿರಿ. ‘ಇದು ನಡೆಯುವುದಿಲ್ಲ’ ಎಂದು ಯಾರಾದರೂ ಹಿಂದಿರುಗಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹುಬ್ಬಳ್ಳಿಯ ಅಧ್ಯಾಪಕರು ತೋರಿಸಿದ ದಾರಿ ನಿಮಗೂ ತೆರೆದಿದೆ.