ಕಟ್ಟಿಹಾಕಿದ ಗಾಳಿಯ ಕಟ್ಟಳೆ

ವಡಾಲದಲ್ಲಿ ಓಡಾಡುವ ಕಪ್ಪು-ಹಳದಿ ಟ್ಯಾಕ್ಸಿಗಳು ಸಿ.ಎನ್.ಜಿ. ಎಂಬ ಒತ್ತಿ ತುಂಬಿದ ಅನಿಲದಿಂದ ನಡೆಯುತ್ತವೆಂಬುದನ್ನು ನಾವೆಲ್ಲ ಬಲ್ಲೆವು. ಪಂಪಿನಲ್ಲಿ ‘ಪೂರ್ತಿ’ ಎಂದು ತೋರಿದ ಮುಳ್ಳು, ಗಾಡಿ ಕೊಂಚ ಹೊತ್ತು ನಿಂತೊಡನೆ ಕೆಳಗಿಳಿದಿರುತ್ತದೆ. ಪಂಪಿನವನು ಕಡಮೆ ತುಂಬಿದನೇ ಎಂದು ಚಾಲಕನಿಗೆ ಅನುಮಾನ. ಆದರೆ ಅನಿಲ ಎಲ್ಲಿಗೂ ಹೋಗಿಲ್ಲ, ತಣಿದಿದೆ, ಅಷ್ಟೆ.

ಅನಿಲದ ಸಂಸಾರದಲ್ಲಿ ಮೂವರು: ಒತ್ತಡ, ಗಾತ್ರ, ಉಷ್ಣತೆ. ಒಬ್ಬರು ಅಲುಗಿದರೆ ಉಳಿದವರು ಸುಮ್ಮನಿರರು. ಉಷ್ಣತೆ ಬದಲಾಗದಂತೆ ಗಾತ್ರವನ್ನು ಅರ್ಧಕ್ಕಿಳಿಸಿದರೆ ಒತ್ತಡ ಇಮ್ಮಡಿಯಾಗುತ್ತದೆ. ಇದನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಕೆ ಒತ್ತಿದ ಹುಡುಗನಿಗೂ ಇದರ ಅನುಭವವುಂಟು. ಒತ್ತಡ ಬದಲಾಗದಿದ್ದರೆ, ಕಾಯಿಸಿದ ಅನಿಲ ಹಿಗ್ಗುತ್ತದೆ. ಫ್ರಾನ್ಸಿನ ಶಾರ್ಲ್ ಕಂಡ ಈ ಸಂಗತಿಯನ್ನು ಗೇ-ಲುಸಾಕ್ 1802ರಲ್ಲಿ ಹೊರತಂದನು.

ಹಿಗ್ಗಲು ಎಡೆಯೇ ಇಲ್ಲದಿದ್ದರೆ? ಕಾದ ಅನಿಲದ ಕಣಗಳು ಇನ್ನಷ್ಟು ರಭಸದಿಂದ ಗೋಡೆಗೆ ಬಡಿಯುತ್ತವೆ, ಒತ್ತಡ ಏರುತ್ತದೆ. ಲೆಕ್ಕ ಸುಲಭ. ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿಕೊಳ್ಳಬೇಕು. 27 ಡಿಗ್ರಿ ಎಂದರೆ 300. 57 ಎಂದರೆ 330. ಅಂದರೆ ಒತ್ತಡ ಹತ್ತರಲ್ಲೊಂದು ಪಾಲು ಹೆಚ್ಚಿತು. ಟ್ಯಾಕ್ಸಿಯ ತೊಟ್ಟಿಯಲ್ಲಿ ಅನಿಲದ ಒತ್ತಡ ನಮ್ಮ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು. ಬೇಗಬೇಗನೆ ತುಂಬುವಾಗ ಅದು ಬಿಸಿಯೇರಿ, ಮುಳ್ಳು ಮೇಲಕ್ಕೆ ಹೋಗುತ್ತದೆ, ತಣಿದಾಗ ಇಳಿಯುತ್ತದೆ. ಇಷ್ಟು ಒತ್ತಿದ ಅನಿಲ ಈ ಲೆಕ್ಕವನ್ನು ಕರಾರುವಾಕ್ಕಾಗಿ ಪಾಲಿಸದು. ಆದರೆ ನಡೆ ಇದೇ.

ಅಡಿಗೆಮನೆಯ 14.2 ಕಿಲೋ ಸಿಲಿಂಡರಿನ ಗುಣ ಬೇರೆ. ಅದರೊಳಗೆ ಬಹುಪಾಲು ಇರುವುದು ದ್ರವ. ಕೊಂಚ ದ್ರವ ಉಳಿದಿರುವವರೆಗೂ ಒಳಗಿನ ಒತ್ತಡವನ್ನು ನಿಶ್ಚಯಿಸುವುದು ಉಷ್ಣತೆಯೇ. ಆದ್ದರಿಂದ ಎಷ್ಟು ಉಳಿದಿದೆಯೆಂಬುದಕ್ಕೆ ತೂಕವೇ ಸಾಕ್ಷಿ, ಒತ್ತಡವಲ್ಲ. ದ್ರವ ಹಿಗ್ಗಲೆಂದು ಮೇಲೆ ಸ್ವಲ್ಪ ಜಾಗವನ್ನೂ ಖಾಲಿ ಬಿಟ್ಟಿರುತ್ತಾರೆ.

ತಿಂಗಳ ಕೊನೆಯಲ್ಲಿ ಉರಿ ಸಣ್ಣಗಾದಾಗ ಕೆಲವರು ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವುದುಂಟು, ಅಡ್ಡ ಮಲಗಿಸುವುದೂ ಉಂಟು. ಎರಡು ದಿನದ ಸಾರು-ಪಲ್ಯದ ಆಸೆಗೆ ಇದು ತೆರಬಾರದ ಬೆಲೆ. ಬಿಸಿ ತಗಲಿದಂತೆ ದ್ರವ ಮತ್ತಷ್ಟು ಆವಿಯಾಗಿ, ಒತ್ತಡ ನಾವು ಮೇಲೆ ಹೇಳಿದ ಲೆಕ್ಕಕ್ಕಿಂತ ಬೇಗ ಏರುತ್ತದೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಒಲೆಯಲ್ಲಿ ಜ್ವಾಲೆ ಭುಗಿಲೇಳಬಹುದು. ಒಂದೇ ಕೋಣೆಯಲ್ಲಿ ಅಡಿಗೆ, ಮಕ್ಕಳ ಓದು, ಹಿರಿಯರ ನಿದ್ದೆ ಎಲ್ಲವೂ ನಡೆಯುವ ನಮ್ಮ ಮುಂಬಯಿಯ ಮನೆಗಳಲ್ಲಿ ಓಡಿಹೋಗಲು ದಾರಿ ಎಷ್ಟಿರುತ್ತದೆ?

ಖಾಲಿಯಾದ ಸುಗಂಧದ ಸ್ಪ್ರೇ ಡಬ್ಬಿಯೂ ನಿಜವಾಗಿ ಖಾಲಿಯಲ್ಲ, ಅನಿಲ ಉಳಿದಿರುತ್ತದೆ. ಹೋಳಿಯ ಬೆಂಕಿಯಲ್ಲಿ ಅದು 327 ಡಿಗ್ರಿಗೆ ಕಾದರೆ, 300 ಇದ್ದದ್ದು 600 ಆಯಿತು, ಒತ್ತಡ ಇಮ್ಮಡಿಯಾಯಿತು. ಡಬ್ಬಿ ಅಷ್ಟರವರೆಗೂ ತಾಳೀತೆಂಬ ಭರವಸೆಯಿಲ್ಲ. ಮಕ್ಕಳು ಅದನ್ನು ಬೆಂಕಿಗೆ ಎಸೆಯದಂತೆ ಈಗಲೇ ಹೇಳಿಡೋಣ. ಹೇಳುವಾಗ ಗದರುವುದಕ್ಕಿಂತ ಕಾರಣವನ್ನು ತಿಳಿಸುವುದು ಲೇಸು: ಮುಚ್ಚಿದ ಪಾತ್ರೆಯೊಳಗಿನ ಅನಿಲಕ್ಕೆ ಬಿಸಿ ತಗಲಿದರೆ, ಅದು ಗೋಡೆಯನ್ನೇ ದೂಡುತ್ತದೆ.